ಬಸ್ರಾಕ್ಕೆ ಹೋದವರ ಹೆಸರು

ಗಣೇಶ ಚೌತಿಗೆ ಎರಡು ದಿನ ಮೊದಲು ಮುಂಬೈ–ಗೋವಾ ಹೆದ್ದಾರಿಯಲ್ಲಿ ಹೋದವರಿಗೆ ಮಾಣಗಾಂವ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮುಂಬೈ, ಠಾಣೆ, ಡೊಂಬಿವಲಿಯಲ್ಲಿ ದುಡಿಯುವ ಕೊಂಕಣದ ಜನವೆಲ್ಲ ಅದೇ ದಾರಿಯಲ್ಲಿ ಊರಿಗೆ ಹೊರಟಿರುತ್ತಾರೆ. ಊರ ನಡುವೆಯೇ ಹಾದುಹೋಗುವ ರಸ್ತೆಯಲ್ಲಿ ಗಾಡಿಗಳು ನಿಂತರೆ ನಿಂತವೇ. ನಾನು ಇರುವುದು ಡೊಂಬಿವಲಿಯಲ್ಲಿ, ಕೆಲಸ ನವಿ ಮುಂಬೈಯ ಐರೋಳಿಯಲ್ಲಿ. ನನ್ನ ಊರಿನ ದಾರಿ ಪುಣೆ, ಸಾತಾರಾ, ಕೊಲ್ಹಾಪುರದ್ದು. ಕೊಂಕಣದ ದಾರಿ ನನ್ನದಲ್ಲ. ಕಳೆದ ವರ್ಷ ನಮ್ಮ ಟೀಮಿನ ಹುಡುಗನೊಬ್ಬ ಗಣಪತಿಗೆ ತನ್ನ ಹಳ್ಳಿಗೆ ಬರಲೇಬೇಕೆಂದು ಹಟ ಹಿಡಿದಿದ್ದರಿಂದ ಹೊರಟಿದ್ದೆ.

ಮಾಣಗಾಂವ್‌ನಲ್ಲಿ ಒಂದೂವರೆ ತಾಸು ನಿಂತೆವು. ಕಾರಿನಿಂದ ಇಳಿದು ಚಹಾ ಕುಡಿದು, ಕಾಲು ಸಡಿಲಿಸಲು ತಹಶೀಲ್ದಾರ್ ಕಚೇರಿ ಕಡೆ ನಡೆದಾಗ ಸೈನಿಕನೊಬ್ಬನ ಪುತ್ಥಳಿ ಕಂಡಿತು. ಯಾರೆಂದು ಕೇಳಿದೆ. ಹುಡುಗ ನಕ್ಕು, "ದಾದಾ, ಇವರು ನಿಮ್ಮ ಬೆಳಗಾವಿ ಪಲ್ಟನ್ನಿನವರು" ಎಂದ.

ನಾಯಕ್ ಯಶವಂತ ಘಾಡಗೆ. ಇದೇ ಮಾಣಗಾಂವ್ ತಾಲೂಕಿನ ಪಳಸಗಾಂವ್‌ನವರು. ಎರಡನೇ ಮಹಾಯುದ್ಧದಲ್ಲಿ ಐದನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೇ ಬೆಟಾಲಿಯನ್ನಿನ ಜತೆ ಇಟಲಿಗೆ ಹೋದವರು. 1944ರ ಜುಲೈ 10ರಂದು, ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಅವರ ತುಕಡಿಯ ಮೇಲೆ ಹತ್ತಿರದಿಂದಲೇ ಮಷಿನ್ ಗನ್ ಗುಂಡು ಸುರಿಯಿತು. ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಹಿಂದೆ ಯಾರೂ ಉಳಿದಿಲ್ಲ ಎಂದು ತಿಳಿದೇ ಘಾಡಗೆ ಒಬ್ಬರೇ ಮುಂದಕ್ಕೆ ಓಡಿದರು. ಗ್ರೆನೇಡ್ ಎಸೆದು ಗನ್ನನ್ನೂ ಅದನ್ನು ಹಾರಿಸುತ್ತಿದ್ದವನನ್ನೂ ಮುಗಿಸಿದರು. ಮತ್ತೊಬ್ಬನನ್ನು ಟಾಮಿ ಗನ್ನಿನಿಂದ ಹೊಡೆದರು. ಮ್ಯಾಗಜಿನ್ ಬದಲಿಸಲು ಸಮಯವಿಲ್ಲ. ಬಂದೂಕಿನ ನಳಿಕೆ ಹಿಡಿದು ಉಳಿದಿಬ್ಬರನ್ನು ಬಡಿದೇ ಕೊಂದರು. ಆಮೇಲೆ ಮರೆಯಲ್ಲಿದ್ದ ಬೇರೆ ಸೈನಿಕರ ಗುಂಡು ಎದೆಗೂ ಬೆನ್ನಿಗೂ ತಗಲಿ ಅಲ್ಲೇ ಬಿದ್ದರು. ಆಗ ಅವರಿಗೆ 22 ವರ್ಷ. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. ಇಟಲಿಯ ಹೋರಾಟಕ್ಕೆ ಕೊಟ್ಟ 20 ವಿಕ್ಟೋರಿಯಾ ಕ್ರಾಸ್‌ಗಳಲ್ಲಿ 6 ಭಾರತೀಯರಿಗೆ ಸಂದವು, ಅದರಲ್ಲಿ ಇದೂ ಒಂದು.

ದೇಹ ಸಿಗಲಿಲ್ಲ. ಆದರೆ ಹೆಸರು ಉಳಿಯಿತು. ಇಟಲಿಯ ಕಸ್ಸಿನೋ ಸ್ಮಾರಕದಲ್ಲಿದೆ, ಮಾಣಗಾಂವ್‌ನಲ್ಲಿದೆ. 2023ರ ಜುಲೈಯಲ್ಲಿ ಇಟಲಿಯ ಮೊಂಟೋನೆ ಎಂಬ ಪುಟ್ಟ ಊರಿನಲ್ಲಿ ಅವರ ನೆನಪಿಗೆ ಒಂದು ನೆರಳು ಗಡಿಯಾರವನ್ನೇ ನಿಲ್ಲಿಸಿದ್ದಾರೆ.

ಹುಡುಗ ಹೇಳಿದ್ದು ಸರಿಯೇ. ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಬೆಳಗಾವಿ ಕ್ಯಾಂಪ್ ಪ್ರದೇಶದಲ್ಲಿ ಬೆಳಿಗ್ಗೆ ಸೈಕಲ್ ಮೇಲೆ ಟ್ಯೂಷನ್ನಿಗೆ ಹೋಗುವಾಗ, ತಲೆ ಬೋಳಿಸಿಕೊಂಡ ಹೊಸ ಹುಡುಗರು ಸಾಲಾಗಿ ಓಡುವುದನ್ನು ದಿನಾ ನೋಡುತ್ತಿದ್ದೆ. ಅವರು ಎಲ್ಲಿಯವರು, ಎಲ್ಲಿಗೆ ಹೋಗುತ್ತಾರೆ ಎಂದು ಒಂದು ದಿನವೂ ಯೋಚಿಸಿದವನಲ್ಲ. ಮಹಾಯುದ್ಧ ಎಂದರೆ ನಮಗೆ ಶಾಲೆಯಲ್ಲಿ ಗೊತ್ತಿದ್ದದ್ದು ಮೈಸೂರು ಲ್ಯಾನ್ಸರ್ಸ್ ಮತ್ತು 1918ರ ಸೆಪ್ಟೆಂಬರ್ 23ರ ಹೈಫಾ. ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ನಮ್ಮದು ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಮುಂಬೈ ಕರ್ನಾಟಕದವರಾದ ನಮ್ಮ ಪಾಲಿನ ಯುದ್ಧ ಬೇರೆಯೇ ಇತ್ತು, ಅದು ನಮ್ಮ ಮನೆಯ ಅಡುಗೆಮನೆಯಲ್ಲೇ ಬಿದ್ದಿತ್ತು ಎಂಬುದು ಆ ಟ್ರಾಫಿಕ್ಕಿನಲ್ಲಿ ನಿಂತಾಗ ನನಗೆ ನೆನಪಾಯಿತು.

ನೆನಪಾಯಿತು ಎನ್ನುವುದಕ್ಕಿಂತ ಚುಚ್ಚಿತು ಎನ್ನಬೇಕು.

ನಾವು ಬೈಲಹೊಂಗಲ ಕಡೆಯವರು. ಜಾತಿ ಮರಾಠಾ, ಮನೆಮಾತು ಕನ್ನಡ. (ಡೊಂಬಿವಲಿಯ ಸೊಸೈಟಿಯಲ್ಲಿ ಇದನ್ನು ವಿವರಿಸಲು ಹದಿನೈದು ನಿಮಿಷ ಬೇಕು. ಈಗ ಬಿಟ್ಟುಬಿಟ್ಟಿದ್ದೇನೆ.) ಅಜ್ಜನ ಅಪ್ಪ, ಅಂದರೆ ನನ್ನ ಮುತ್ತಜ್ಜ, ಮೊದಲ ಮಹಾಯುದ್ಧಕ್ಕೆ ಹೋಗಿದ್ದರು. ಅಜ್ಜ ಆಗ ತೊಟ್ಟಿಲ ಕೂಸು. ಮನೆಯಲ್ಲಿ ಈ ಕಥೆ ಒಂದೇ ಸಾಲಿನದು, ಅಜ್ಜಿ ಹೇಳುತ್ತಿದ್ದದ್ದು: "ನೂರಾಹತ್ತನೇ ಪಲ್ಟನ್ನಿನಾಗಿದ್ರು. ಬಸರಾಕ ಹೋದ್ರು, ಬರಲಿಲ್ಲ." ಬಸರಾ ಎಂದರೆ ಇರಾಕಿನ ಬಸ್ರಾ. ಅಜ್ಜಿಯೂ ಅವರನ್ನು ನೋಡಿದವಳಲ್ಲ. ಆಕೆಗೆ ಅತ್ತೆ ಹೇಳಿದ್ದು ಅಷ್ಟೇ.

ಅವರ ಹೆಸರಿನಲ್ಲಿ ಮನೆಗೆ ಬಂದದ್ದು ಕೆಲವು ವರ್ಷ ಪಿಂಚಣಿ ಮತ್ತು ಒಂದು ಕಂಚಿನ ಬಿಲ್ಲೆ. ಅಂಗೈಗಿಂತ ದೊಡ್ಡದು, ಸುಮಾರು 12 ಸೆಂಟಿಮೀಟರ್ ಅಗಲ. ತ್ರಿಶೂಲ ಹಿಡಿದು ನಿಂತ ಒಬ್ಬ ಹೆಂಗಸು, ಪಕ್ಕದಲ್ಲಿ ಸಿಂಹ, ಸುತ್ತ ಇಂಗ್ಲಿಷ್ ಅಕ್ಷರ. ಮೊದಲ ಮಹಾಯುದ್ಧದಲ್ಲಿ ಸತ್ತ ಪ್ರತಿಯೊಬ್ಬನ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮರಣ ಫಲಕ ಅದು ಎಂದು ಈಗ ಗೊತ್ತು. ಅಂಥವು 13 ಲಕ್ಷಕ್ಕೂ ಹೆಚ್ಚು ತಯಾರಾದವಂತೆ. ಹುದ್ದೆ ಇಲ್ಲ, ಪಲ್ಟನ್ ಇಲ್ಲ, ಬರೀ ಹೆಸರು. ಜನರಲ್ಲನಿಗೂ ಸಿಪಾಯಿಗೂ ಒಂದೇ ತರಹ. ನಮ್ಮ ಮನೆಯಲ್ಲಿ ಅದನ್ನು 'ರಾಣಿ ಬಿಲ್ಲೆ' ಎನ್ನುತ್ತಿದ್ದರು, ಆ ಹೆಂಗಸು ವಿಕ್ಟೋರಿಯಾ ರಾಣಿ ಎಂದುಕೊಂಡು. ಅದು ಬ್ರಿಟಾನಿಯಾ ಎಂಬ ಅವರ ದೇಶದೇವತೆ. ಬೆಕ್ಕು ಬಾಯಿ ಹಾಕದಿರಲಿ ಎಂದು ಅಜ್ಜಿ ಅದನ್ನು ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಇಡುತ್ತಿದ್ದಳು. ತೂಕ ಚೆನ್ನಾಗಿತ್ತು.

ನಾನು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾಗ ಹಳೆಯ ಮನೆ ಕೆಡವಿ ಸ್ಲ್ಯಾಬ್ ಮನೆ ಕಟ್ಟಿಸಿದೆವು. ಹಂಡೆ, ಕೊಡ, ತಟ್ಟೆ ಎಲ್ಲ ಗೋಣಿಚೀಲಕ್ಕೆ ತುಂಬಿ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದೆವು. ಚೀಲ ಹೊತ್ತು ಸ್ಕೂಟರಿನ ಮೇಲೆ ಹೋದವನು ನಾನೇ. ಬಿಲ್ಲೆಯನ್ನು ಚೀಲಕ್ಕೆ ಹಾಕಿದವನೂ ನಾನೇ. ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡಿದ್ದು ನೆನಪಿದೆ. ಹೆಸರನ್ನು ಓದಿದ್ದೆನೋ ಇಲ್ಲವೋ ನೆನಪಿಲ್ಲ. ಬಂದ ದುಡ್ಡಿನಲ್ಲಿ ಅಪ್ಪ ನನಗೆ ಸ್ವಲ್ಪ ಕೊಟ್ಟರು, ನಾನು ಪೆನ್‌ಡ್ರೈವ್ ತೆಗೆದುಕೊಂಡೆ.

ಮಾಣಗಾಂವ್‌ನಿಂದ ಬಂದ ಮೇಲೆ ರಾತ್ರಿ ಊಟವಾದ ನಂತರ ಓದಲು ಶುರುಮಾಡಿದೆ. ಮೊದಲು 110ನೇ ಮರಾಠಾ ಎಲ್ಲಿಗೆ ಹೋಯಿತು ಎಂದು.

1914ರ ಅಕ್ಟೋಬರಿನಲ್ಲಿ, ತುರ್ಕಿ ಯುದ್ಧಕ್ಕಿಳಿಯುವ ಮೊದಲೇ, ಆರನೇ ಪೂನಾ ಡಿವಿಷನ್ನಿನ ಮೊದಲ ತುಕಡಿ ಮುಂಬೈಯಿಂದ ಹಡಗು ಹತ್ತಿತು. ಪರ್ಷಿಯಾ ಕೊಲ್ಲಿಯ ತುದಿಯಲ್ಲಿ ಅಬಾದಾನಿನ ಎಣ್ಣೆ ಶುದ್ಧೀಕರಣ ಘಟಕ ಕಾಯುವುದು ಮೊದಲ ಕೆಲಸ. ಆ ಡಿವಿಷನ್ನಿನಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್‌ಗಳಿದ್ದವು. ನವೆಂಬರ್ 22ಕ್ಕೆ ಬಸ್ರಾ ಕೈಗೆ ಬಂತು. ಎಣ್ಣೆ ಉಳಿಯಿತು. ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಗೆದ್ದ ರುಚಿಗೆ ಟೈಗ್ರಿಸ್ ನದಿಗುಂಟ ಬಗ್ದಾದಿನ ಆಸೆ ಹತ್ತಿತು. ಹಿಂದಿನಿಂದ ಹಿಟ್ಟು, ಔಷಧ, ದೋಣಿ ಯಾವುದೂ ಸಾಕಷ್ಟು ಬರುತ್ತಿಲ್ಲದಿದ್ದರೂ ಜನರಲ್ ಟೌನ್‌ಶೆಂಡ್ ಮುಂದೆ ಹೋದರು. (ಸರ್ವರ್ ಸಿದ್ಧವಿಲ್ಲದೆ ಲಾಂಚ್ ಮಾಡುವ ಮ್ಯಾನೇಜರುಗಳನ್ನು ಕಂಡವನಾದ ನನಗೆ ಈ ಭಾಗ ಅರ್ಥ ಮಾಡಿಕೊಳ್ಳಲು ಕಷ್ಟವಾಗಲಿಲ್ಲ. ನಮ್ಮಲ್ಲಿ ಜನ ಸಾಯುವುದಿಲ್ಲ ಅಷ್ಟೇ.) 1915ರ ನವೆಂಬರಿನಲ್ಲಿ, ಬಗ್ದಾದ್ ಇನ್ನೇನು ಹತ್ತಿರ ಎನ್ನುವಾಗ, ಟೆಸಿಫಾನ್ ಎಂಬಲ್ಲಿ ಪೆಟ್ಟು ತಿಂದು ಹಿಂದೆ ಸರಿದು ಕೂತ್ ಅಲ್ ಅಮಾರಾ ಎಂಬ ನದಿ ತಿರುವಿನ ಊರಿಗೆ ಬಂದು ಸೇರಿಕೊಂಡರು. ಡಿಸೆಂಬರ್ 7ಕ್ಕೆ ತುರ್ಕಿ ಸೇನೆ ಸುತ್ತುವರಿಯಿತು.

147 ದಿನ. ಆ ದಿನಗಳ ವಿವರ ಓದುತ್ತ ನಾನು ಎರಡು ರಾತ್ರಿ ನಿದ್ದೆಗೆಟ್ಟೆ.

ಊರಲ್ಲಿ ಕಾಳು ಸಿಕ್ಕಿತು, ಬೀಸಲು ಕಲ್ಲಿರಲಿಲ್ಲ. ಬೀಸುವ ಕಲ್ಲನ್ನು ವಿಮಾನದಿಂದ ಕೆಳಗೆ ಎಸೆದರು. ಕೊನೆಗೆ ಹಿಟ್ಟಿನ ಚೀಲಗಳನ್ನೇ ವಿಮಾನದಿಂದ ಎಸೆಯಬೇಕಾಯಿತು. ಮುತ್ತಿಗೆಯಲ್ಲಿ ಸಿಕ್ಕ ಸೈನ್ಯಕ್ಕೆ ಆಕಾಶದಿಂದ ಅನ್ನ ಇಳಿಸಲು ನೋಡಿದ್ದು ಜಗತ್ತಿನಲ್ಲೇ ಅದು ಮೊದಲು. ಅದು ಸಾಲಲಿಲ್ಲ. ಕೊನೆಯ ದಿನಗಳಲ್ಲಿ ಒಬ್ಬನಿಗೆ ದಿನಕ್ಕೆ ನೂರೈವತ್ತು ಗ್ರಾಂ ಹಿಟ್ಟೂ ಇರಲಿಲ್ಲ. ಎಳೆ ಹುಲ್ಲು, ಸಿಕ್ಕ ಸೊಪ್ಪು ಬೇಯಿಸಿ ತಿಂದರು. ಕುದುರೆ, ಹೇಸರಗತ್ತೆಗಳನ್ನು ಕೊಯ್ದರು. ಬ್ರಿಟಿಷ್ ಸಿಪಾಯಿಗಳು ಕುದುರೆ ಮಾಂಸ ತಿಂದರು. ನಮ್ಮವರಲ್ಲಿ ಬಹುತೇಕರು, ಹಿಂದೂಗಳೂ ಮುಸ್ಲಿಮರೂ, ಮುಟ್ಟಲಿಲ್ಲ. ತಿಂದರೆ ತಪ್ಪಿಲ್ಲ ಎಂದು ಭಾರತದ ಧರ್ಮಗುರುಗಳಿಂದ ವೈರ್‌ಲೆಸ್ ಮೂಲಕ ಅಪ್ಪಣೆ ತರಿಸಿದರೂ ಒಪ್ಪಲಿಲ್ಲ. ಅವರ ಹೆದರಿಕೆ ದೇವರದ್ದಷ್ಟೇ ಅಲ್ಲ, ಊರಿನದ್ದು: ನಾಳೆ ಹಿಂತಿರುಗಿದಾಗ ಪಂಕ್ತಿಯಲ್ಲಿ ಕೂರಿಸುತ್ತಾರೋ ಇಲ್ಲವೋ, ಮಕ್ಕಳಿಗೆ ಹೆಣ್ಣು ಕೊಡುತ್ತಾರೋ ಇಲ್ಲವೋ. ಒಸಡಿನಲ್ಲಿ ರಕ್ತ ಒಸರಿ, ಕಾಲು ಊದಿ, ಸ್ಕರ್ವಿಯಿಂದ ಮಲಗಿದರು. ಏಪ್ರಿಲ್‌ನಲ್ಲಿ, ಇನ್ನು ಬೇರೆ ದಾರಿಯೇ ಇಲ್ಲವೆಂದಾಗ, ಸಾವಿರಗಟ್ಟಲೆ ಜನ ತಿನ್ನಲು ಶುರುಮಾಡಿದರು.

ನನ್ನ ಮುತ್ತಜ್ಜ ತಿಂದರೋ ಇಲ್ಲವೋ. ನಮ್ಮ ಮನೆಯಲ್ಲಿ ಭಾದ್ರಪದದಲ್ಲಿ ಈರುಳ್ಳಿಯನ್ನೂ ತಿನ್ನದ ಅಜ್ಜಿ ನೆನಪಾದಳು. ತಿಂದಿದ್ದರೆ ಒಳ್ಳೆಯದಿತ್ತು.

1916ರ ಏಪ್ರಿಲ್ 29ರಂದು ಟೌನ್‌ಶೆಂಡ್ ಶರಣಾದರು. ಸುಮಾರು 13 ಸಾವಿರ ಜನ ಸೆರೆಯಾದರು, ಅವರಲ್ಲಿ ಮುಕ್ಕಾಲು ಭಾಗ ಭಾರತೀಯರು. ಸಿಪಾಯಿಗಳಷ್ಟೇ ಅಲ್ಲ, ಅಡುಗೆಯವರು, ಭಿಶ್ತಿಗಳು, ಹೇಸರಗತ್ತೆ ಹೊಡೆಯುವವರೂ. ಜನರಲ್ ಸಾಹೇಬರನ್ನು ಇಸ್ತಾಂಬುಲ್ ಬಳಿಯ ದ್ವೀಪವೊಂದರಲ್ಲಿ ಮರ್ಯಾದೆಯಿಂದ ಇರಿಸಿಕೊಂಡರು. ಉಳಿದವರನ್ನು ಮೆಸೊಪೊಟೇಮಿಯಾದ ಬಿಸಿಲಲ್ಲಿ ಮೋಸುಲ್ ದಾಟಿಸಿ ರಾಸ್ ಅಲ್ ಐನ್ ತನಕ ನಡೆಸಿದರು. ಹಸಿದ ಹೊಟ್ಟೆಗೆ ಕಲ್ಲಿನಂಥ ಬಿಸ್ಕತ್ತು ತಿಂದು ಭೇದಿಯಾಗಿ ಸತ್ತವರಿಗೆ ಲೆಕ್ಕವಿಲ್ಲ. ದಾರಿಯಲ್ಲಿ ಕುಸಿದವರನ್ನು ಅಲ್ಲೇ ಬಿಟ್ಟರು. ತಲುಪಿದವರನ್ನು ಬಗ್ದಾದ್ ರೈಲು ಮಾರ್ಗ ಹಾಕುವ ಕೆಲಸಕ್ಕೆ ಹಚ್ಚಿದರು. ಆಂಬುಲೆನ್ಸ್ ದಳದಲ್ಲಿದ್ದ ಶಿಶಿರ ಸರ್ಬಾಧಿಕಾರಿ ಎಂಬ ಬಂಗಾಳಿ ಈ ಎಲ್ಲವನ್ನೂ ಅನುಭವಿಸಿ, ಬದುಕಿ ಬಂದು, 1957ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬೆಳಗಾವಿಯ, ರತ್ನಾಗಿರಿಯ, ಸಾತಾರೆಯ ಸಿಪಾಯಿಗಳಿಗೆ ಅಂಥ ಬರೆಯುವ ಕೈ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಸತ್ತವರ ಸ್ಮಾರಕ ಕಟ್ಟಿದರು. ಮೆಸೊಪೊಟೇಮಿಯಾದಲ್ಲಿ ಸತ್ತು, ಗೋರಿ ಎಲ್ಲಿದೆಯೋ ಗೊತ್ತಿಲ್ಲದ 40 ಸಾವಿರಕ್ಕೂ ಹೆಚ್ಚು ಜನರಿಗಾಗಿ 1929ರಲ್ಲಿ ಬಸ್ರಾ ಸ್ಮಾರಕ ಅನಾವರಣವಾಯಿತು. ಬ್ರಿಟಿಷರಾದರೆ ಸಾಮಾನ್ಯ ಸಿಪಾಯಿಯ ಹೆಸರೂ ಕಲ್ಲಿನಲ್ಲಿದೆ. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಉಳಿದ ಸಿಪಾಯಿಗಳಿಗೆ ಪ್ರತಿ ಪಲ್ಟನ್ನಿನ ಕೆಳಗೆ ಒಂದು ಸಂಖ್ಯೆ: ಇವರಲ್ಲದೆ ಇನ್ನಿಷ್ಟು ಜನ ಭಾರತೀಯ ಸೈನಿಕರು, ಎಂದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೇಬಲ್ಲಿನ ಸಾಲುಗಳನ್ನು ತೋರಿಸದೆ ಬರೀ ಕೌಂಟ್ ಮಾತ್ರ ತೋರಿಸಿದ ಹಾಗೆ. ಸಾಲುಗಳು ಇರಲಿಲ್ಲವೆಂದಲ್ಲ. ಕಾಗದದಲ್ಲಿ ಹೆಸರುಗಳಿದ್ದವು, ಮನೆಮನೆಗೆ ಬಿಲ್ಲೆ ಕಳಿಸುವಾಗ ಹೆಸರು ಅಚ್ಚು ಹಾಕಿಯೇ ಕಳಿಸಿದ್ದರಲ್ಲ! 2021ರಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ ವರದಿ ಹೊರತಂದು ಈ ತಾರತಮ್ಯವನ್ನು ಒಪ್ಪಿಕೊಂಡಿತು. ಹೆಸರು ಹಿಡಿದು ನೆನೆಯದೆ ಬಿಟ್ಟವರು, ಅಥವಾ ನೆನೆಯದೇ ಹೋದವರು, ಭಾರತ ಆಫ್ರಿಕಾ ಎಲ್ಲ ಸೇರಿ ಕನಿಷ್ಠ 1,16,000, ಹೆಚ್ಚೆಂದರೆ ಮೂರೂವರೆ ಲಕ್ಷ ಇರಬಹುದು ಎಂದು ಅಂದಾಜು ಹಾಕಿತು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಮ್ಮ ಕಡೆಯೂ ಲೆಕ್ಕದಲ್ಲೇ ನೆನೆಯುವ ರೂಢಿ ಇದೆ. ಊರಿಗೆ ಹೋಗುವಾಗ ಸಾತಾರೆಯ ಹತ್ತಿರ ಅಪಶಿಂಗೆ ಎಂಬ ಹಳ್ಳಿ ಇದೆ. ಜನ ಅದನ್ನು 'ಅಪಶಿಂಗೆ ಮಿಲಿಟರಿ' ಎಂದೇ ಕರೆಯುತ್ತಾರೆ. ಮೊದಲ ಮಹಾಯುದ್ಧದಲ್ಲಿ ಆ ಒಂದೇ ಊರಿನ 46 ಜನ ಸತ್ತರು. ಈ 46 ಎಲ್ಲರ ಬಾಯಲ್ಲಿದೆ. ಹೆಸರು ಕೇಳಿದರೆ ಎಷ್ಟು ಜನ ಹೇಳಿಯಾರು?

ಈಗ ಆಯೋಗದ ಜಾಲತಾಣದಲ್ಲಿ ಸಿಪಾಯಿಗಳ ಹೆಸರನ್ನೂ ಹುಡುಕಬಹುದು. ಇದು ನನ್ನ ವಿದ್ಯೆ, ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಮೂರು ವಾರ ಹಿಡಿಯಿತು.

ಸಮಸ್ಯೆ ಇರುವುದು ಕಾಗುಣಿತದಲ್ಲಿ. ಯಲ್ಲಪ್ಪ ಎಂಬ ಹೆಸರು ಅಂತಿಟ್ಟುಕೊಳ್ಳಿ. ಕನ್ನಡದ ಯಲ್ಲಪ್ಪ ಮರಾಠಾ ಪಲ್ಟನ್ನಿಗೆ ಸೇರಿದ ಕೂಡಲೇ ಹವಾಲ್ದಾರನ ಬಾಯಲ್ಲಿ ಯೆಲ್ಲು, ಯೆಲ್ಲೋಜಿ ಆಗುತ್ತಾನೆ. ಅದನ್ನು ಕೇಳಿದ ಇಂಗ್ಲಿಷ್ ಗುಮಾಸ್ತ ತನಗೆ ಕೇಳಿಸಿದಂತೆ ಬರೆಯುತ್ತಾನೆ. ಅಡ್ಡಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಪ್ಪನ ಹೆಸರು, ಊರು ಕೆಲವರಿಗಿದೆ, ಕೆಲವರಿಗಿಲ್ಲ. ನಾನು ನನ್ನ ಮುತ್ತಜ್ಜನ ಹೆಸರಿಗೆ ಸಾಧ್ಯವಿರುವ ರೂಪಗಳನ್ನೆಲ್ಲ ಪಟ್ಟಿ ಮಾಡಿ, ಉಚ್ಚಾರ ಹೋಲುವ ಹೆಸರುಗಳನ್ನು ಜೋಡಿಸುವ ಸಣ್ಣ ಪ್ರೋಗ್ರಾಂ ಬರೆದೆ. ಐರೋಳಿಯ ಲೋಕಲ್‌ನಲ್ಲಿ ಕೂತು ಫಲಿತಾಂಶ ನೋಡುತ್ತ ಠಾಣೆಯಲ್ಲಿ ಇಳಿಯುವುದನ್ನು ಒಮ್ಮೆ ಮರೆತೆ. ಪುಣ್ಯಕ್ಕೆ ಅದೇ ಕೊನೆಯ ಸ್ಟೇಷನ್.

ಆ ಮೂರು ವಾರ ಸುತ್ತಲಿನ ಊರೇ ಬೇರೆ ರೀತಿ ಕಾಣತೊಡಗಿತು. ನಮ್ಮ ಮನೆಯಿಂದ ನಾಲ್ಕು ಸ್ಟೇಷನ್ ಆಚೆಗಿನ ಉಲ್ಹಾಸನಗರದಲ್ಲಿ ಇಂದಿಗೂ ವಿಳಾಸ 'ಕ್ಯಾಂಪ್ ನಂಬರ್ 3', 'ಕ್ಯಾಂಪ್ ನಂಬರ್ 5'. ನಾನು ಅಲ್ಲಿ ಜೀನ್ಸ್ ಕೊಳ್ಳಲು ಹೋಗುತ್ತಿದ್ದವನು, ಕ್ಯಾಂಪ್ ಎಂದರೆ ನಿರಾಶ್ರಿತರ ಕ್ಯಾಂಪ್ ಎಂದಷ್ಟೇ ತಿಳಿದಿದ್ದೆ. ಅದಕ್ಕೂ ಮೊದಲು ಅದು ಎರಡನೇ ಮಹಾಯುದ್ಧದ ಸೈನಿಕರು ತಂಗುತ್ತಿದ್ದ ಕಲ್ಯಾಣ್ ಕ್ಯಾಂಪ್. ದೇಶ ವಿಭಜನೆಯಾದ ಮೇಲೆ ಖಾಲಿ ಬ್ಯಾರಕ್‌ಗಳಿಗೆ ಸಿಂಧಿಗಳು ಬಂದರು, 1949ರಲ್ಲಿ ಉಲ್ಹಾಸನಗರ ಎಂಬ ಹೆಸರಾಯಿತು. ಕಲ್ಯಾಣ್ ಪಕ್ಕದ ನೇವಾಳಿಯಲ್ಲಿ ಅದೇ ಯುದ್ಧಕ್ಕಾಗಿ ರೈತರ ಜಮೀನು ತೆಗೆದುಕೊಂಡು ವಿಮಾನ ಇಳಿದಾಣ ಮಾಡಿದರು. ಯುದ್ಧ ಮುಗಿದರೂ ಜಮೀನು ಹಿಂತಿರುಗಲಿಲ್ಲ ಎಂದು 2017ರ ಜೂನ್‌ನಲ್ಲಿ ರೈತರು ರಸ್ತೆಗಿಳಿದಾಗ ನಾವೆಲ್ಲ ಟ್ರಾಫಿಕ್ ಜಾಮ್ ಎಂದು ಬೈದುಕೊಂಡೇ ಆಫೀಸಿಗೆ ಹೋಗಿದ್ದೆವು. ಸಿಎಸ್‌ಎಂಟಿಗೆ ಒಂದು ಸ್ಟೇಷನ್ ಮೊದಲು, ಮಸ್ಜಿದ್ ಪೂರ್ವಕ್ಕೆ, ನಾವಿಕರ ವಸತಿಗೃಹದಲ್ಲಿ ಮೊದಲ ಯುದ್ಧದಲ್ಲಿ ಸಮುದ್ರಪಾಲಾದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕವಿದೆ. ಹಡಗಿನ ಖಲಾಸಿಗಳಿಗೆ ಹೆಸರು ಸಿಕ್ಕಿದೆ, ಒಳ್ಳೆಯದಾಯಿತು.

ಮೂರನೇ ವಾರದ ಕೊನೆಗೆ ನನ್ನ ಪಟ್ಟಿಯಲ್ಲಿ ಮೂರು ಜನ ಉಳಿದರು. ಮೂವರೂ 110ನೇ ಮರಾಠಾದ ಸಿಪಾಯಿಗಳು. ಮೂವರದ್ದೂ ಬಸ್ರಾ ಸ್ಮಾರಕ. ಇಬ್ಬರು 1916ರಲ್ಲಿ ಸತ್ತವರು, ಒಬ್ಬ 1917ರಲ್ಲಿ. ಒಬ್ಬರಿಗೂ ಅಪ್ಪನ ಹೆಸರಿಲ್ಲ, ಊರಿಲ್ಲ. ಮೂರು ಹೆಸರೂ ನಮ್ಮ ಮುತ್ತಜ್ಜನ ಹೆಸರೇ, ಒಂದೊಂದು ಅಕ್ಷರ ಅತ್ತಿತ್ತ. ಇವರಲ್ಲಿ ನಮ್ಮವರು ಯಾರು ಎಂದು ಹೇಳಬಲ್ಲದ್ದು ಒಂದೇ ಇತ್ತು: ಗುಮಾಸ್ತ ಬರೆದ ಕಾಗುಣಿತವನ್ನೇ ಕಂಚಿನಲ್ಲಿ ಎರಕ ಹೊಯ್ದ ಆ ಬಿಲ್ಲೆ. ಅದನ್ನು ನಾನು ತೂಕಕ್ಕೆ ಹಾಕಿದ್ದೆ.

ಅಂಗಡಿಗೆ ಫೋನ್ ಮಾಡಿದೆ. ಹದಿನೆಂಟು ವರ್ಷದ ಮೇಲೆ! ಈಗ ಅಲ್ಲಿ ಮಗ ಕೂರುತ್ತಾನೆ. "ಸರ್, ಅದು ಅವತ್ತ ಕರಗಿ ಹೋಗಿರ್ತದ್ರಿ" ಎಂದ, ನನಗೆ ಬೇಜಾರಾಗದಿರಲಿ ಎಂದು ಬಹಳ ಮೆತ್ತಗೆ.

ಪಿತೃಪಕ್ಷ ಮುಗಿಯುವ ಹೊತ್ತಿಗೆ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ನಮ್ಮಲ್ಲಿ ಸತ್ತ ತಿಥಿ ಗೊತ್ತಿಲ್ಲದವರಿಗೆ ಮಾನೌಮಿ ಅಮಾಸಿಯ ದಿನ ಎಡೆ ಹಿಡಿಯುತ್ತಾರೆ. ಮುತ್ತಜ್ಜನಿಗೆ ಯಾವಾಗಲೂ ಅಂದೇ. ಮೂರೂ ದಾಖಲೆಗಳ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಬಿಲ್ಲೆಯ ವಿಷಯವನ್ನೂ ಹೇಳಿದೆ, ನಾನೇ ಹಾಕಿದ್ದು ಅಪ್ಪಾ ಎಂದು. ಅಪ್ಪ, "ನಾನೂ ಅಲ್ಲೇ ನಿಂತಿದ್ನೆಲ್ಲೋ ತಮ್ಮಾ" ಎಂದಷ್ಟೇ ಹೇಳಿದರು. ಕನ್ನಡಕ ಹಾಕಿಕೊಂಡು ಮೂರು ಹಾಳೆಗಳನ್ನು ಸಾವಕಾಶ ಓದಿದರು. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಕೂಡಿಸಿ ಓದಿ ನೋಡಿದರು.

"ಈ ಮೂರೊಳಗ ನಮ್ಮಾವ ಯಾಂವ?"

"ಗೊತ್ತಾಗಂಗಿಲ್ಲಪ್ಪಾ."

"ಉಳಿದಿಬ್ಬರಿಗೆ ಯಾರರ ಎಡಿ ಹಿಡೀತಿರಬೇಕನು?"

ಅದೂ ಗೊತ್ತಿಲ್ಲ ಎಂದೆ. ಅಪ್ಪ ಹಾಳೆಗಳನ್ನು ಮಡಚಿ ದೇವರ ಜಗಲಿಯ ಮೇಲಿಟ್ಟು, ಅಡುಗೆಮನೆಯ ಕಡೆ ತಿರುಗಿ, ಇನ್ನೆರಡು ಬಾಳೆ ಎಲೆ ಹಾಸಲು ಅವ್ವನಿಗೆ ಹೇಳಿದರು.